ತೂಕಕ್ಕೆ ಹಾಕದ ಸೀಟು

ನಾನು ಬ್ಯಾಂಕಿನ ಗುಮಾಸ್ತ. ಮರಳಿನ ಮೇಲೆ ಓಡಿಸುವ ಬಗ್ಗಿ ಕಾರೊಂದನ್ನು ಮನೆಯಲ್ಲೇ ಕಟ್ಟುವ ಹುಚ್ಚಿಗೆ ಬಿದ್ದು, ಹೋದ ವರ್ಷ ವೆಲ್ಡಿಂಗ್ ಕಲಿತೆ. ಕೈಯಲ್ಲಿ ಕಾಸಿಲ್ಲ, ಸಾಮಾನೆಲ್ಲ ಗುಜರಿಯದು. ಗುಜರಿಯವನು ಪ್ರತಿಯೊಂದನ್ನೂ ತೂಗಿ ಕೊಟ್ಟ. ಸೀಟಿಗೆ ಮಾತ್ರ, "ಇದನ್ನ ತೂಕಕ್ಕೆ ಹಾಕಲ್ಲ ಸಾರ್, ಸುಮ್ನೆ ತಗೊಂಡ್ಹೋಗಿ" ಎಂದ. ಬಿಟ್ಟಿ ಸಿಕ್ಕರೆ ಯಾರು ಬಿಡುತ್ತಾರೆ? ಒಂದೇ ಕೈಯಲ್ಲಿ ಎತ್ತಿಕೊಂಡು ಬಂದೆ.

ಭಾನುವಾರ ಮಧ್ಯಾಹ್ನ, ಭಾರ ಸಮವಾಗಿದೆಯೇ ಎಂದು ನೋಡಲು ನಾಲ್ಕು ಚಕ್ರಗಳ ಕೆಳಗೂ ಒಂದೊಂದು ತೂಕದ ಮಷೀನು ಇಟ್ಟೆ. ಅವನ್ನು ಅಕ್ಕಪಕ್ಕದ ಮನೆಗಳಿಂದ ಕೇಳಿ ತಂದಿದ್ದೆ. ಒಟ್ಟು ನೂರಾ ಎಂಬತ್ತು ಕೆಜಿ ಬಂತು. ಸೀಟು ಕೂರಿಸಿದೆ. ಸ್ಪ್ರಿಂಗುಗಳು ಕಿರ್ರೆಂದು ಕುಗ್ಗಿದವು. ಇನ್ನೂರ ಮೂವತ್ತು! ಬಿಚ್ಚಿದರೆ ನೂರಾ ಎಂಬತ್ತು, ಮತ್ತೆ ಕೂರಿಸಿದರೆ ಇನ್ನೂರ ಮೂವತ್ತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ನಗುತ್ತಾ, "ಕೂತಿರೋರು ಸ್ವಲ್ಪ ಕೆಳಗಿಳೀರಪ್ಪ" ಎಂದಳು.

ಸ್ಪ್ರಿಂಗುಗಳು ಕಿರ್ರೆಂದು ಮೇಲೆದ್ದವು. ನೂರಾ ಎಂಬತ್ತೊಂಬತ್ತು.

ಆಗಲೇ ಸೀಟನ್ನು ಬಿಚ್ಚಿ ಗುಜರಿಗೆ ಒಯ್ದೆ. ಈ ಸಲ ಅವನು ತಾನಾಗಿಯೇ ಅದನ್ನು ತಕ್ಕಡಿಗೆ ಹಾಕಿದ. ಒಂಬತ್ತು ಕೆಜಿ. ಮುಳ್ಳನ್ನು ತುಸು ಹೊತ್ತು ನೋಡಿ, "ಎಲ್ಲಿ ಇಳಿಸಿ ಬಂದ್ರಿ ಸಾರ್?" ಎಂದು ಕೇಳಿದ.

ಮನೆಯಲ್ಲಿ ಹೆಂಡತಿ ಒಬ್ಬಳೇ ಇದ್ದಳು.