ನೇತ್ರಾಣಿಗೆ ಇಬ್ಬರೇ

ಮದುವೆಯಾದ ಮೇಲೆ ಸ್ವಪ್ನಾ ಮೊದಲ ಸಲ ಗಂಡನ ಕಾಲರಿಗೆ ಕೈ ಹಾಕಿದ್ದು ಅವನ ಜೀವ ಉಳಿಸಲಿಕ್ಕೆ. ಹಾಗಂತ ಅವಳು ತಿಳಿದುಕೊಂಡಿದ್ದಳು, ಪಾಪ.

ಮಿಲ್ಲಿಗೆ ಬುತ್ತಿ ಒಯ್ಯುವ ಆಳು ಮುದುಕಪ್ಪನ ಮೊಣಕಾಲು ಬಾತಿತ್ತು. ಹಾಗಾಗಿ ಆ ಮಧ್ಯಾಹ್ನ ಅವಳೇ ರೈಸ್‌ಮಿಲ್ಲಿಗೆ ಹೋದಳು. ಮಿಲ್ಲು ಮಾವ ಗಡಿಗೆಪ್ಪನವರದು. ಮಾನ್ವಿಯಿಂದ ಪೋತ್ನಾಳಕ್ಕೆ ಹೋಗುವ ರಸ್ತೆಯಲ್ಲಿ, ಮನೆಯ ಹಿತ್ತಲಿಗೆ ಅಂಟಿಕೊಂಡೇ ಇತ್ತು. ಮಷೀನಿನ ಸದ್ದು, ತೌಡಿನ ಧೂಳು ದಾಟಿ ಹಿಂದುಗಡೆ ಬಂದರೆ, ಗಂಡ ಶಿವರಾಜ ನೀಲಿ ಡ್ರಮ್ಮಿನ ನೀರಿನಲ್ಲಿ ಕುತ್ತಿಗೆಯತನಕ ತಲೆ ಮುಳುಗಿಸಿ ನಿಂತಿದ್ದ. ಕದಲುತ್ತಿರಲಿಲ್ಲ.

ಬುತ್ತಿ ಅಲ್ಲೇ ಬಿಟ್ಟು ಓಡಿಹೋಗಿ ಎಳೆದಳು. ಅವನು ಕೆಮ್ಮುತ್ತ ಮೇಲೆ ಬಂದ. ಮನೆಯಲ್ಲಿ ಯಾರಿಗೆ ಏನಾಯಿತೆಂದು ಅವನ ಗಾಬರಿ. ಇವನಿಗೇ ಏನೋ ಆಗಿದೆಯೆಂದು ಅವಳ ಗಾಬರಿ.

"ನಾ ಬ್ಯಾಡಾಗಿದ್ರ ಹೇಳಬೇಕಿತ್ತಿಲ್ರಿ," ಎಂದಳು ಅಳುತ್ತ. "ದೇವದುರ್ಗಕ್ಕ ಹೋಗಿ ನಮ್ಮಪ್ಪನ ಮನ್ಯಾಗ ಇರ್ತಿದ್ದೆ. ಹಿಂಗ ಯಾಕ ಮಾಡ್ಕೋತೀರಿ?"

ಶಿವರಾಜನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಕ್ಕ. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ನಗುವಾಗ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆಂದು ಅವಳಿಗೆ ಅವತ್ತೇ ಗೊತ್ತಾಯಿತು.

"ಸಾಯಾಕಲ್ಲ, ಹುಚ್ಚಿ. ಸಮುದ್ರದಾಗ ಇಳಿಯಾಕ. ಪ್ರಾಕ್ಟೀಸ್ ಮಾಡಾಕತ್ತೀನಿ."

ಅವರಿಬ್ಬರ ನಡುವೆ ಅಷ್ಟುದ್ದದ ಮಾತು ಅದೇ ಮೊದಲು. ಗಡಿಗೆಪ್ಪನವರ ಮನೆಯಲ್ಲಿ ಹಿರಿಯರ ಎದುರು ಗಂಡಹೆಂಡತಿ ನೇರ ಮಾತಾಡುವುದಿಲ್ಲ. ಗಂಡನಿಗೆ ಇನ್ನೊಂದು ರೊಟ್ಟಿ ಬೇಕೇ ಎಂದು ಸ್ವಪ್ನಾ ಅತ್ತೆಯನ್ನು ಕೇಳಬೇಕು, ಅತ್ತೆ ಮಗನನ್ನು ಕೇಳಬೇಕು, ಉತ್ತರ ಅದೇ ದಾರಿಯಲ್ಲಿ ವಾಪಸು ಬರಬೇಕು. ಅಷ್ಟರಲ್ಲಿ ರೊಟ್ಟಿ ತಣ್ಣಗಾಗಿರುತ್ತದೆ. ಹಿರಿಯರಿಲ್ಲದ ಹೊತ್ತು ಆ ಮನೆಯಲ್ಲಿ ಇಲ್ಲ. ಅವರ ಕೋಣೆಯ ಬಾಗಿಲಿಗೇ ಮಾವನ ಸೋದರತ್ತೆಯ ಮಂಚ. ಸುಗ್ಗಿ ಶುರುವಾಯಿತೆಂದರೆ ಶಿವರಾಜ ಮಿಲ್ಲಿನಲ್ಲೇ ಮಲಗುತ್ತಾನೆ. ಸ್ವಪ್ನಾ ರಾಯಚೂರಿನಲ್ಲಿ ಡಿಗ್ರಿ ಓದಿದವಳು, ಬಸ್ಸಿನ ಕಿಟಕಿ ಸೀಟಿಗಾಗಿ ಜಗಳವಾಡಿದವಳು. ಈಗ ಅವಳ ಪಾಲಿಗೆ ಉಳಿದದ್ದು ಅಂಗಳದ ಮೇಲಿನ ಚೌಕಾಕಾರದ ಆಕಾಶ. ಮಳೆ ಬಂದರೆ ಅದಕ್ಕೂ ತಗಡು ಎಳೆಯುತ್ತಿದ್ದರು.

ಸಮುದ್ರದ ಕತೆಯನ್ನು ಅವನು ಭತ್ತ ನೆನೆಹಾಕುವ ತೊಟ್ಟಿಯ ಕಟ್ಟೆಯ ಮೇಲೆ ಕೂತು, ಊಟ ಮಾಡುತ್ತ ಹೇಳಿದ. ಕಾಲೇಜಿನ ಟೂರಿನಲ್ಲಿ ಮುರುಡೇಶ್ವರಕ್ಕೆ ಹೋಗಿದ್ದರಂತೆ. ಅಲ್ಲಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ಎಂಬ ನಡುಗಡ್ಡೆ. ಸುತ್ತ ಹವಳ, ಬಣ್ಣಬಣ್ಣದ ಮೀನು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ತಳಕ್ಕೆ ಕರೆದೊಯ್ಯುತ್ತಾರೆ, ಈಜು ಬರಬೇಕೆಂದಿಲ್ಲ, ಕಲಿಸುವವರು ಹಿಡಿದುಕೊಂಡೇ ಇರುತ್ತಾರೆ. ಗೆಳೆಯರೆಲ್ಲ ದೋಣಿ ಹತ್ತಿದರು. ಇವನ ಒಂದು ಕಾಲು ದೋಣಿಯಲ್ಲಿದ್ದಾಗ ಅಪ್ಪನ ಫೋನು ಬಂತು. ಭತ್ತದ ಲಾರಿ ಬಂದಿದೆ, ಇಳಿಸಿಕೊಳ್ಳಲು ಜನ ಇಲ್ಲ, ಹೊರಡು. ಹೊರಟು ಬಂದ. ಅವತ್ತು ಸೊಂಟದ ಉಡದಾರಕ್ಕೆ ಬಿದ್ದ ಮಿಲ್ಲಿನ ಚಾವಿ ಇನ್ನೂ ಅಲ್ಲೇ ಇತ್ತು.

"ಬರೂ ತಿಂಗಳು ಹೋಗಬೇಕಂತ ಮಾಡೀನಿ," ಎಂದು ತಾಟಿನ ಕಡೆ ನೋಡಿದ. "ಇಬ್ಬರಿಗೆ ಬುಕ್ ಮಾಡೀನಿ. ನೀ ಬರ್ತೀಯೋ ಇಲ್ಲೋ ಅಂತ ಕೇಳಾಕ ಹೊತ್ತೇ ಸಿಗವಲ್ದಾಗಿತ್ತು."

ಸ್ವಪ್ನಾ ತೊಟ್ಟಿಯೊಳಗೆ ಕೈ ಇಳಿಬಿಟ್ಟಳು. ಭತ್ತಕ್ಕೆ ಬಿಟ್ಟ ಬಿಸಿನೀರು ಆರುತ್ತ ಬಂದು ಉಗುರುಬೆಚ್ಚಗಿತ್ತು. ಸಮುದ್ರವೂ ಹೀಗೇ ಬೆಚ್ಚಗಿರುತ್ತದೆ, ಎಂದ ಅವನು. ಅವಳು ಕೈ ತೆಗೆಯಲಿಲ್ಲ. ಅವನೂ ಕೈ ಇಳಿಸಿದ. ನೆನೆದ ಭತ್ತದ ನಡುವೆ ಅವನ ಕಿರುಬೆರಳು ಅವಳ ಕಿರುಬೆರಳಿಗೆ ತಾಗಿತು. ಇಬ್ಬರೂ ಭತ್ತವನ್ನೇ ನೋಡುತ್ತಿದ್ದರು, ಅದರಲ್ಲಿ ನೋಡುವಂಥದ್ದು ಏನಿತ್ತೋ.

ಮುದುಕಪ್ಪನಿಗೆ ಮೊಣಕಾಲು ಪೂರ್ತಿ ವಾಸಿಯಾಗುವವರೆಗೆ ವಿಶ್ರಾಂತಿ ಬೇಕೆಂದು ಸ್ವಪ್ನಾ ಅತ್ತೆಗೆ ಮನವರಿಕೆ ಮಾಡಿಕೊಟ್ಟಳು. ಮುದುಕಪ್ಪ ಬೇಡ ಅನ್ನುವಷ್ಟು ದಡ್ಡನಲ್ಲ. ದಿನಾ ಬುತ್ತಿ ಅವಳದೇ ಆಯಿತು.

ರಾಯಚೂರಿನ ಗೆಳತಿ ಮಿನಾಜ್ ಹಿಂದಿನ ವರ್ಷ ನೇತ್ರಾಣಿಯಲ್ಲಿ ಇಳಿದು ಬಂದವಳು. ಅವಳಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಶಿವರಾಜ ತನ್ನ ಡ್ರಮ್ಮಿನ ಸಾಧನೆ ಹೇಳಿಕೊಂಡ. ಸಣ್ಣವನಿದ್ದಾಗ ಬಾವಿಯ ತಳದಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಕೂರುತ್ತಿದ್ದವನು ತಾನೇ ಎಂದ. ಮಿನಾಜ್ ನಕ್ಕು ನಕ್ಕು ಸುಸ್ತಾದಳು.

"ಅಣ್ಣಾ, ಅಲ್ಲಿ ಮೊದಲ್ನೇ ಪಾಠನೇ ಉಸಿರು ಹಿಡೀಬಾರ್ದು ಅಂತ. ಬಾಯಿಲಿಂದ ತಗೋತಾ, ಬಿಡ್ತಾ ಇರಬೇಕು. ಒಳಗ ಹಿಡದಿಟ್ಟುಕೊಂಡು ಮ್ಯಾಲ ಬಂದ್ರ ಆ ಗಾಳಿನೇ ಉಬ್ಬಿ ಎದಿಗೆ ಪೆಟ್ಟು ಕೊಡ್ತದ. ನೀವು ಪೂರಾ ಉಲ್ಟಾ ಕಲ್ತೀರಿ."

ಸ್ವಪ್ನಾ ಸೆರಗು ಬಾಯಿಗೆ ಅಡ್ಡ ಹಿಡಿದಳು. ಅವನು ಹುಸಿಮುನಿಸಿನಿಂದ ಅವಳತ್ತ ನೋಡಿದ. ಮಿನಾಜ್ ಇನ್ನೊಂದು ಮಾತು ಹೇಳಿದಳು: ಜೋಡಿಯಲ್ಲಿ ಇಳಿದವರು ಒಬ್ಬರನ್ನೊಬ್ಬರು ಬಿಟ್ಟು ದೂರ ಹೋಗುವಂತಿಲ್ಲ, ತಿರುತಿರುಗಿ ನೋಡುತ್ತಲೇ ಇರಬೇಕು. ಆ ಪಾಠವನ್ನು ಇಬ್ಬರೂ ಅಲ್ಲೇ, ಅನ್ನದ ಡಬ್ಬಿ ಆರುವವರೆಗೂ ಅಭ್ಯಾಸ ಮಾಡಿದರು.

ನೀರಿನೊಳಗೆ ಮಾತಿಲ್ಲ, ಕೈಸನ್ನೆ ಮಾತ್ರ. ಹೆಬ್ಬೆರಳು ತೋರುಬೆರಳು ಕೂಡಿಸಿ ಸೊನ್ನೆ ಮಾಡಿದರೆ ಎಲ್ಲ ಸರಿ. ಅಂಗೈ ಚಾಚಿ ಅತ್ತಿತ್ತ ಆಡಿಸಿದರೆ ಏನೋ ಸರಿಯಿಲ್ಲ. ಮಾತು ನಿಷಿದ್ಧವಾದ ಮನೆಗೆ ಇದಕ್ಕಿಂತ ಉಪಯೋಗದ ವಿದ್ಯೆ ಬೇಕೇ? ರಾತ್ರಿಯೂಟಕ್ಕೆ ಗಡಿಗೆಪ್ಪ ತೌಡಿನ ರೇಟಿನ ಬಗ್ಗೆ ರೇಗುತ್ತಿದ್ದರೆ, ಶಿವರಾಜನ ಎಡಗೈ ಮೊಣಕಾಲಿನ ಮರೆಯಲ್ಲಿ ಅತ್ತಿತ್ತ ಆಡುತ್ತಿತ್ತು. ಸ್ವಪ್ನಾ ಪುಂಡಿಪಲ್ಯ ಬಡಿಸುವಾಗ ಬಟ್ಟಲಿನ ಅಂಚಿನಲ್ಲಿ ಎರಡು ಬೆರಳು ಸೊನ್ನೆಯಾಗುತ್ತಿದ್ದವು. ಅವನ ಕಣ್ಣು ಆ ಸೊನ್ನೆಯಿಂದ ಬಳೆಗೆ, ಬಳೆಯಿಂದ ಸೆರಗಿನಂಚಿನ ನಗುವಿಗೆ ಏರಿ, ಅಪ್ಪ ಕೆಮ್ಮಿದೊಡನೆ ತಾಟಿಗೆ ಬೀಳುತ್ತಿತ್ತು. ಸೊಸೆ ಈಚೆಗೆ ಮೈದುಂಬಿಕೊಳ್ಳುತ್ತಿದ್ದಾಳೆ ಎಂದು ಅತ್ತೆ ಚನ್ನಮಲ್ಲಮ್ಮ ಯಾರಿಗೋ ಹೇಳಿದರು.

ಎಡವಟ್ಟಾದದ್ದು ಮನೆಯಲ್ಲಿ ಹೇಳುವ ಹೊತ್ತಿಗೆ. ತಾನೇ ಹೇಳುತ್ತೇನೆಂದು ಶಿವರಾಜ ಧೈರ್ಯ ಮಾಡಿಕೊಂಡು ಕೂತಿದ್ದ. ಅಪ್ಪನ ಮುಖ ಕಂಡೊಡನೆ ಅದು ಇಳಿದುಹೋಯಿತು. ಬಾಯಿಂದ ಬಂದದ್ದು, ಮುರುಡೇಶ್ವರಕ್ಕೆ ಹೋಗಿ ಶಿವನ ದರ್ಶನ ಮಾಡಿಕೊಂಡು ಬರಬೇಕೆಂದಿದ್ದೇನೆ, ಎಂಬ ಮಾತು. ಹವಳವೂ ಇಲ್ಲ, ದೋಣಿಯೂ ಇಲ್ಲ, ಇಬ್ಬರೇ ಎನ್ನುವುದಂತೂ ಇಲ್ಲವೇ ಇಲ್ಲ.

ಶಿವನ ಹೆಸರೆತ್ತಿದರೆ ಆ ಮನೆಯಲ್ಲಿ ಯಾರು ಹಿಂದೆ ಉಳಿಯುತ್ತಾರೆ? ಚನ್ನಮಲ್ಲಮ್ಮನವರ ಕಣ್ಣು ಒದ್ದೆಯಾದವು. ಮಗನಿಗೆ ಇಂಥ ಬುದ್ಧಿ ಬಂತಲ್ಲ ಎಂದು ಕೈಯೆತ್ತಿ ಮುಗಿದರು. ಕ್ರೂಸರ್ ಗಾಡಿ ಹೇಳಿಬಿಡೋಣ, ಕುರ್ಡಿಯ ಚಿಕ್ಕಮ್ಮ, ಗಿಲ್ಲೆಸುಗೂರಿನ ಬೀಗರು, ಮಂಚದ ಮೇಲಿನ ಅಜ್ಜಿ, ಎಲ್ಲರಿಗೂ ಜಾಗ ಆಗುತ್ತದೆ. ದಾರಿಗೆ ಸಜ್ಜಿರೊಟ್ಟಿ, ಶೇಂಗಾಚಟ್ನಿ ಕಟ್ಟಿಕೊಂಡರಾಯಿತು. ಗಡಿಗೆಪ್ಪನವರು ಮಾತ್ರ ಸುಗ್ಗಿಯಲ್ಲಿ ಮಿಲ್ಲು ಬಿಟ್ಟು ಎರಡು ದಿನವಷ್ಟೇ ಎಂದರು. ಅದರಲ್ಲಿ ದರ್ಶನ ಮುಗಿಸಿ ವಾಪಸು.

ಬಾಗಿಲ ಮರೆಯಿಂದ ಸ್ವಪ್ನಾ ಅಂಗೈ ಚಾಚಿ ಅತ್ತಿತ್ತ ಆಡಿಸಿದಳು. ಅವನು ನೋಡಿದ. ನೋಡಿ ಮುಖ ಆಚೆ ತಿರುಗಿಸಿಕೊಂಡ.

ಮರುದಿನ ಬುತ್ತಿಯನ್ನು ಮುದುಕಪ್ಪನೇ ಒಯ್ದ. ಅದರ ಮರುದಿನವೂ. ಸ್ವಪ್ನಾ ಅಡುಗೆಮನೆಯಲ್ಲಿ ಪ್ರಯಾಣದ ರೊಟ್ಟಿ ಬಡಿಯುತ್ತ, ಅಂಗಳದ ಚೌಕವನ್ನು ನೋಡುತ್ತ ಇದ್ದಳು. ಸಮುದ್ರ ಹೋದದ್ದಕ್ಕೆ ಅವಳಿಗೆ ಅಷ್ಟು ಸಂಕಟವಿರಲಿಲ್ಲ. ಇಷ್ಟು ದಿನ ತೊಟ್ಟಿಯ ಕಟ್ಟೆಯ ಮೇಲೆ ಕೂತವನು ಹಿತ್ತಲಿನ ಬಾಗಿಲು ದಾಟಿ ಮನೆಯೊಳಗೆ ಬಂದೊಡನೆ ಬೇರೆ ಯಾರೋ ಆಗಿಬಿಡುತ್ತಾನೆ. ಹಾಗಾದರೆ ಉಳಿದ ಆಯುಷ್ಯ ಈ ಗೋಡೆಗಳೊಳಗೆ ಯಾರ ಜೊತೆ ಕಳೆಯುವುದು? ಅದಕ್ಕೆ ಅವಳ ಕಣ್ಣಲ್ಲಿ ನೀರು ಬಂತು. ರೊಟ್ಟಿಯ ಒಲೆಯ ಹೊಗೆ ಎಂದು ಅತ್ತೆ ಕಿಟಕಿ ತೆಗೆದರು.

ಮುದುಕಪ್ಪ ಒಯ್ದ ಬುತ್ತಿ ಬಿಚ್ಚದೆಯೇ ವಾಪಸು ಬರತೊಡಗಿದಾಗ ಅವಳು ಮಿಲ್ಲಿಗೆ ನಡೆದಳು. ಅವನು ಕಟ್ಟೆಯ ಮೇಲೆ ಕೂತಿದ್ದ. ಮೈಗೆಲ್ಲ ತೌಡು ಮೆತ್ತಿತ್ತು. ಮುಂದಿನ ವರ್ಷ ಖಂಡಿತ ಹೋಗೋಣವೆಂದು ಶುರುಮಾಡಿದ. ಆಗಿದ್ದಾಯಿತು, ಈಗ ಮಾತು ತೆಗೆದರೆ ಅಪ್ಪ ಸಿಟ್ಟಾಗುತ್ತಾರೆ, ಅವ್ವ ನೊಂದುಕೊಳ್ಳುತ್ತಾಳೆ ಎಂದ.

"ನನಗ ಸಮುದ್ರ ಬ್ಯಾಡ್ರಿ," ಎಂದಳು ಸ್ವಪ್ನಾ. "ಆ ಮನ್ಯಾಗ ಒಂದ್ಸಲನೂ ನೀವು ನನ್ನ ಹೆಸರು ಹಿಡದು ಕರದಿಲ್ಲ. ನಾವಿಬ್ಬರು ಅಂತ ಒಂದ್ಸಲ ನಿಮ್ಮಪ್ಪನ ಮುಂದ ಅನ್ರಿ. ಸಾಕು. ಆಮ್ಯಾಲ ಅವರು ಕಳಿಸ್ಲಿ, ಬಿಡ್ಲಿ. ಇಲ್ಲಾಂದ್ರ ನಾ ಇಲ್ಲಿಗೆ ಬರೂದಿಲ್ಲ. ಇಲ್ಲಿ ಒಬ್ಬ ಗಂಡ, ಅಲ್ಲಿ ಒಬ್ಬ ಗಂಡ, ನನ್ನ ಕೈಲೆ ಆಗಂಗಿಲ್ಲ."

ಅವನು ಎದೆಯುಬ್ಬಿಸಿ ಉಸಿರು ಬಿಗಿಹಿಡಿದು ಕೂತ. ಬಾವಿಯ ತಳದಲ್ಲಿ ಕೂರುತ್ತಿದ್ದದ್ದು ಹೀಗೇ ಇರಬೇಕು ಎಂದುಕೊಂಡು ಅವಳು ಬಂದುಬಿಟ್ಟಳು.

ಆ ಸಂಜೆ ಎಲ್ಲರೂ ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದರು. ಕ್ರೂಸರಿನವನಿಗೆ ಎಷ್ಟು ಹೊತ್ತಿಗೆ ಬರಲು ಹೇಳಬೇಕೆಂದು ಮಾತು ನಡೆದಿತ್ತು. ಸ್ವಪ್ನಾ ಎಂದಿನಂತೆ ಅತ್ತೆಯನ್ನು ಕೇಳಿದಳು, ಅವರಿಗೆ ರೊಟ್ಟಿ ಬೇಕೋ ಎಂದು. ಅತ್ತೆ ಮಗನತ್ತ ತಿರುಗುವ ಮೊದಲೇ ಉತ್ತರ ಬಂತು.

"ಬ್ಯಾಡ, ಸ್ವಪ್ನಾ."

ಮಂಚದ ಮೇಲಿನ ಅಜ್ಜಿ ಎದ್ದು ಕೂತರು. ಶಿವರಾಜ ತಾಟು ಬಿಟ್ಟು ಎದ್ದು ನಿಂತ.

"ಯಪ್ಪಾ, ನಾ ಸುಳ್ಳು ಹೇಳಿದ್ದೆ. ದರ್ಶನಕ್ಕಲ್ಲ. ನೇತ್ರಾಣ್ಯಾಗ ಸಮುದ್ರದೊಳಗ ಇಳಿಯಾಕ. ನಾನೂ ಸ್ವಪ್ನಾನೂ, ಇಬ್ಬರೇ. ಶುಕ್ರವಾರ ಹೊಂಡ್ತೀವಿ."

ಗಡಿಗೆಪ್ಪನವರು ಬಾಯಲ್ಲಿದ್ದ ತುತ್ತನ್ನು ಪೂರ್ತಿ ಅಗಿದು ನುಂಗಿದರು. ನೀರು ಕುಡಿದರು. ಆಮೇಲೆ ಮಗನ ಮುಖ ನೋಡದೆ ಕೈ ಚಾಚಿದರು.

"ಚಾವಿ ಇಟ್ಟು ಹೋಗು."

ಅದು ಸಿಟ್ಟೋ ಒಪ್ಪಿಗೆಯೋ ಯಾರಿಗೂ ತಿಳಿಯಲಿಲ್ಲ. ವಾಪಸು ಬಂದ ಮೇಲೆ ಚಾವಿ ಕೊಡುತ್ತಾರೋ ಇಲ್ಲವೋ, ಅದೂ ತಿಳಿಯಲಿಲ್ಲ. ಶಿವರಾಜ ಉಡದಾರದ ಗಂಟು ಬಿಚ್ಚಿದ. ಬಹಳ ವರ್ಷದ ಗಂಟು, ಬೇಗ ಬಿಚ್ಚಿಕೊಳ್ಳಲಿಲ್ಲ. ಕೊನೆಗೂ ಚಾವಿ ಅಪ್ಪನ ಅಂಗೈಗೆ ಬಿತ್ತು.

ಚನ್ನಮಲ್ಲಮ್ಮ ಸೊಸೆಯನ್ನು ಅಡುಗೆಮನೆಗೆ ಕರೆದರು. ಈಗ ಶುರುವಾಗುತ್ತದೆ ಎಂದು ಸ್ವಪ್ನಾ ತಲೆ ತಗ್ಗಿಸಿ ನಿಂತಳು.

"ಸಮುದ್ರದೊಳಗ ಇಳದ್ರ ಕೊರಳಾಗಿನ ಲಿಂಗ ಏನ್ ಮಾಡ್ತಿ? ಮೈ ಬಿಟ್ಟು ತೆಗಿಯಂಗಿಲ್ಲ."

ಅದನ್ನು ಅವಳು ಆಗಲೇ ಯೋಚಿಸಿದ್ದಳು. ಅಲ್ಲಿ ಮೈಗೆ ಅಂಟುವ ರಬ್ಬರಿನ ಅಂಗಿ ಕೊಡುತ್ತಾರೆ, ಅದರ ಒಳಗೆ ಬಟ್ಟೆಯಲ್ಲಿ ಸುತ್ತಿ ಎದೆಗೆ ಬಿಗಿಯಾಗಿ ಕಟ್ಟಿಕೊಳ್ಳುತ್ತೇವೆ ಎಂದಳು. ಚನ್ನಮಲ್ಲಮ್ಮ ಪೆಟ್ಟಿಗೆ ತೆಗೆದು ಹೊಸ ಬಿಳಿ ಬಟ್ಟೆಯ ತುಂಡು ಎಳೆದರು. ಸೊಸೆಯ ಹೆಗಲಿನಿಂದ ಕಂಕುಳಿಗೆ ಗೇಣು ಹಾಕಿ ಅಳತೆ ಹಿಡಿದರು.

"ಅವಂದೂ ಒಂದು ಹೊಲೀತೀನಿ," ಎಂದರು. "ಸಣ್ಣಾವ ಇದ್ದಾಗ ಬಾವ್ಯಾಗ ಒಂದು ಕೈಲೆ ಈಜ್ತಿದ್ದ, ಒಂದು ಕೈಲೆ ಲಿಂಗ ಹಿಡಕೋತಿದ್ದ. ಈ ಸಲ ಎರಡೂ ಕೈ ಖಾಲಿ ಇರ್ಲಿ." ದಾರವನ್ನು ಹಲ್ಲಿನಿಂದ ಕಡಿದು, ಮತ್ತೆ ಹೇಳಿದರು: "ನಾ ನಿಮ್ಮ ಮಾವನ ಜೋಡಿ ಇಬ್ಬರೇ ಅಂತ ಪೋತ್ನಾಳಕ್ಕೂ ಹೋಗಿಲ್ಲ ನೋಡು. ಹೋಗು, ಅವ ನಿಂತೇ ಇದ್ದಾನು."

ನಿಂತೇ ಇದ್ದ. ಪಡಸಾಲೆಯ ನಡುವೆ, ಆರಿದ ತಾಟಿನ ಮುಂದೆ, ಖಾಲಿ ಉಡದಾರ ಹಿಡಿದುಕೊಂಡು. ಮಾವ, ಅಜ್ಜಿ, ಎಲ್ಲರೂ ಇದ್ದರು. ಸ್ವಪ್ನಾ ನೀರಿನ ಚಂಬು ಹಿಡಿದು ನೆಟ್ಟಗೆ ಅವನ ಎದುರಿಗೆ ಹೋಗಿ ನಿಂತಳು. ಅತ್ತೆಯ ಮೂಲಕ ಕೇಳಲಿಲ್ಲ, ಬೆರಳಿನಿಂದ ಸನ್ನೆಯನ್ನೂ ಮಾಡಲಿಲ್ಲ. ಅವನ ಎದೆ ಇನ್ನೂ ಬಿಗಿದೇ ಇತ್ತು.

"ಉಸಿರು ಬಿಡ್ರಿ," ಎಂದಳು, ಎಲ್ಲರಿಗೂ ಕೇಳುವಂತೆ.

ಶಿವರಾಜ ಉಸಿರು ಬಿಟ್ಟ.