ನಲವತ್ತನೇ ಹಸಿರು ಚುಕ್ಕಿ

"ಇನ್ನೂ ಮುಗೀಲಿಲ್ವೇನೇ?" ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟು ಕೂತಿದ್ದ ಅಮ್ಮ ಕೇಳಿದಳು.

"ಎರಡೇ ನಿಮಿಷ ಅಮ್ಮ."

ಅಮ್ಮನ ಫೋನು ಹಿಡಿದು ಬಟಾಣಿ ಆಕಳಿಸಿದಳು. ಮನೆಯಲ್ಲಿ ಅವಳಿಗೆ ಅದೇ ಹೆಸರು. ಆರು ಗಂಟೆಗೆ ಐದೇ ನಿಮಿಷ ಬಾಕಿ ಇತ್ತು. ಐದನೇ ಕ್ಲಾಸಿನವರೆಲ್ಲ ದಿನಾ ಆರರೊಳಗೆ ತರಗತಿಯ ಆನ್‌ಲೈನ್ ಪುಟದಲ್ಲಿ ಏನಾದರೂ ನಾಲ್ಕು ಸಾಲು ಬರೆಯಬೇಕು. ಬರೆದರೆ ಒಂದು ಹಸಿರು ಚುಕ್ಕಿ. ಒಂದು ದಿನ ತಪ್ಪಿದರೂ, ಬರೆದದ್ದನ್ನು ಅಳಿಸಿದರೂ ಅಷ್ಟೂ ಚುಕ್ಕಿ ಮಾಯ. ನಲವತ್ತು ಆದವರ ಹೆಸರನ್ನು ಟೀಚರ್ ನಾಳೆ ಬೋರ್ಡಿನ ಮೇಲೆ ಬರೆಯಲಿದ್ದರು. ಬಟಾಣಿಗೆ ಮೂವತ್ತೊಂಬತ್ತಾಗಿತ್ತು.

ಮೊದಮೊದಲು ಬರೆಯಲು ಏನೆಲ್ಲ ಇತ್ತು! ಗೇಟಿನ ಹತ್ತಿರದ ಕುಂಟ ನಾಯಿ, ಟೀಚರ್ ಜೋರಾಗಿ ಸೀನಿದ್ದು, ಬಸ್ಸಿನಲ್ಲಿ ಮರೆತ ಟಿಫನ್ ಬಾಕ್ಸ್. ಬರಬರುತ್ತಾ ಸಾಕಾಗಿ ಹೋಯಿತು. ಸ್ಕೂಲು, ಹೋಮ್‌ವರ್ಕು, ಮತ್ತೆ ಸ್ಕೂಲು. ಇದರಲ್ಲಿ ಹೊಸದಾಗಿ ಏನು ಮಣ್ಣು ಬರೆಯುವುದು? ಟೀಚರ್ ಚುಕ್ಕಿ ಮಾತ್ರ ನೋಡುತ್ತಾರೆ ಎಂದು ಗೊತ್ತಾದ ಮೇಲೆ ಅವಳು ತನ್ನದೇ ಹಳೆಯ ಬರಹಗಳನ್ನು ಕಾಪಿ ಮಾಡಿ ಹಾಕತೊಡಗಿದ್ದಳು. ಇವತ್ತು ಒಂಬತ್ತನೇ ದಿನದ್ದು ಹಾಕಿದಳು. ಚುಕ್ಕಿ ಹಸಿರಾಯಿತು.

"ಇಲ್ಲಿ ಕೊಡು" ಎಂದು ಅಮ್ಮ ಫೋನು ತೆಗೆದುಕೊಂಡು ಓದತೊಡಗಿದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಡೀ ದಿನ ನಿಂತೇ ಬೆಡ್‌ಶೀಟ್ ಮಡಚುವ ಅಮ್ಮ ಇದನ್ನೆಲ್ಲ ಓದುತ್ತಾಳೆಂದು ಬಟಾಣಿ ಅಂದುಕೊಂಡೇ ಇರಲಿಲ್ಲ.

"'ಇವತ್ತು ಅಮ್ಮ ನನ್ನ ಜೊತೆ ಹಾವು ಏಣಿ ಆಡಿದಳು. ತೊಂಬತ್ತೆಂಟರಲ್ಲಿ ಅಮ್ಮನನ್ನು ಹಾವು ನುಂಗಿತು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.'"

ಅಮ್ಮ ಫೋನು ಪಕ್ಕಕ್ಕಿಟ್ಟಳು. "ಇವತ್ತು ಆಡ್ಲಿಲ್ವಲ್ಲೇ... ಅಷ್ಟು ಆಸೆ ಇದ್ರೆ ಬಾಯ್ಬಿಟ್ಟು ಕೇಳ್ಬಾರ್ದಾ? ಬೋರ್ಡ್ ತಗೊಂಡ್ ಬಾ."

ಬಕೆಟ್ಟಿನಿಂದ ಕಾಲು ತೆಗೆದು, ಗೋಡೆ ಹಿಡಿದು ಏಳತೊಡಗಿದಳು. ಪಾದ ಊದಿತ್ತು. ಷೂ ಒತ್ತಿದ ಗುರುತು ಕೆಂಪಗೆ ಕಾಣುತ್ತಿತ್ತು. ಬಟಾಣಿಗೆ ಅಳು ಒತ್ತರಿಸಿ ಬಂತು.

"ಬೇಡಮ್ಮ, ಕೂತ್ಕೋ. ಅದು ಹಳೇದು. ಎರಡು ವಾರದಿಂದ ಬರೀ ಕಾಪಿ ಮಾಡ್ತಿದೀನಿ."

"ಹಾಗಾದ್ರೆ ಮೊನ್ನೆ ಲೆಕ್ಕದಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಬಂದಿದ್ದು?"

"ಅದೂ ಹಳೇದೇ."

"ಅಯ್ಯೋ, ಲಾಂಡ್ರೀಲಿ ಎಲ್ರಿಗೂ ಹೇಳ್ಬಿಟ್ಟೆ ಕಣೇ!" ಅಮ್ಮ ಮತ್ತೆ ಬಕೆಟ್ಟಿನಲ್ಲಿ ಕಾಲಿಟ್ಟು ಕೂತಳು. "ದಿನಾ ಊಟಕ್ಕೆ ಕೂತಾಗ ನಿಂದು ಓದ್ತೀನಿ. ಎಲ್ಲೋ ಓದಿದ ಹಾಗಿದೆಯಲ್ಲ ಅನ್ನಿಸ್ತಿತ್ತು. ಸುಸ್ತಿಗೆ ಹಾಗಾಗುತ್ತೆ ಅಂದ್ಕೊಂಡೆ."

ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬಟಾಣಿ ಫೋನು ತೆಗೆದುಕೊಂಡಳು. ಆರು ದಾಟಿ ಹತ್ತು ನಿಮಿಷವಾಗಿತ್ತು. ಕಣ್ಣು ಮುಚ್ಚಿ ಡಿಲೀಟ್ ಒತ್ತಿದಳು. ನಲವತ್ತೂ ಚುಕ್ಕಿ ಹೋದವು. ಆಮೇಲೆ ಅಮ್ಮನ ಪಕ್ಕ ನೆಲದ ಮೇಲೆ ಕೂತು ಬರೆದಳು: 'ಇವತ್ತು ಅಮ್ಮನ ಕಾಲು ಊದಿದೆ.'

"ಅಮ್ಮಾ, ದಿನಕ್ಕೆ ಎಷ್ಟು ಬೆಡ್‌ಶೀಟ್ ಮಡಚ್ತೀಯ?"

"ಯಾರು ಎಣಿಸ್ತಾರೆ? ಯಾಕೆ?"

"ಬರೀಬೇಕು."

ಅಮ್ಮ ನಿಧಾನವಾಗಿ ಹೇಳುತ್ತಾ ಹೋದಳು. ಒದ್ದೆ ಬೆಡ್‌ಶೀಟಿನ ಭಾರ, ಮೆಷಿನ್ನಿನ ಬಿಸಿ, ಪಕ್ಕದಲ್ಲಿ ನಿಂತು ಮಡಚುತ್ತಾ ಹಾಡುವ ಅಜ್ಜಿ. ನಾಲ್ಕು ಸಾಲು ಯಾವಾಗಲೋ ದಾಟಿತ್ತು.

ಸ್ವಲ್ಪ ಹೊತ್ತಿಗೆ ಮಾತು ನಿಂತಿತು. ತಲೆ ಎತ್ತಿ ನೋಡಿದರೆ ಅಮ್ಮನಿಗೆ ಕೂತಲ್ಲೇ ನಿದ್ದೆ. ಬಟಾಣಿ ಬಕೆಟ್ಟಿನ ನೀರು ಮುಟ್ಟಿದಳು. ತಣ್ಣಗಾಗಿತ್ತು. ಅದನ್ನೂ ಬರೆದು, ನೀರು ಕಾಯಿಸಲು ಎದ್ದಳು.