ಒಂದೂವರೆ ಕಿಲೋ ತಪಸ್ವಿ

ಆಸ್ಪತ್ರೆಯ ಕತೆ ಹೇಳುತ್ತ ನಗಿಸಬಹುದೋ ಬಾರದೋ, ನನಗೆ ಅಂಜಿಕೆ ಇದ್ದೇ ಇದೆ. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

"ತಪಸ್ವಿ ಎಲ್ಲಿ ಅದಾನ್ರಿ?"

ವಾಚ್‌ಮನ್ ಹಣಮಪ್ಪ ಕಣ್ಣು ಕಣ್ಣು ಬಿಟ್ಟ. ಕೊಲ್ಹಾಪುರದ ಆ ಮಕ್ಕಳ ಆಸ್ಪತ್ರೆಯ ಬಾಗಿಲಲ್ಲಿ ಐದು ಜನ ಹೆಂಗಸರು ನಿಂತಿದ್ದರು. ಕೈಯಲ್ಲಿ ತೆಂಗಿನಕಾಯಿ, ಹೂವಿನ ಹಾರ. ಕುರುಂದವಾಡದಿಂದ ಜೀಪಿನಲ್ಲಿ ಒತ್ತಿಕೊಂಡು ಬಂದು ಸೀರೆಗಳೆಲ್ಲ ಮುದ್ದೆಯಾಗಿದ್ದವು.

"ಇಲ್ಲಿ ಯಾವ ತಪಸ್ವೀನೂ ಅಡ್ಮಿಟ್ ಆಗಿಲ್ಲರೀ. ಬರೇ ಕೂಸು ಅದಾವು."

"ಆ ಕೂಸಽ ತಪಸ್ವಿರೀ! ಏಳು ದಿನ ಆತು, ಒಂದ ಹನಿ ಹಾಲ ಸುದ್ಧಾ ಮುಟ್ಟಿಲ್ಲ!" ಎಂದರು ನೆರೆಮನೆಯ ಇಂದುಬಾಯಿ.

ಬೆಂಚಿನ ಮೇಲೆ ಅಜ್ಜಿಯ ಪಕ್ಕ ಕೂತಿದ್ದ ಮನಾಲಿ ಮುಖ ಮುಚ್ಚಿಕೊಂಡಳು. ಇದೆಲ್ಲ ಅಜ್ಜಿಯ ಫೋನಿನ ಕೆಲಸ!

ಮನಾಲಿಯ ತಮ್ಮ ಎರಡು ತಿಂಗಳು ಮೊದಲೇ ಹುಟ್ಟಿಬಿಟ್ಟಿದ್ದ. ಅವನನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಎರಡು ವಾರಕ್ಕೆ ಅವನ ಹೊಟ್ಟೆ ಫುಗ್ಗಾದಂತೆ ಉಬ್ಬಿತು. ಕರುಳಿಗೆ ಬಾವು ಬಂದಿತ್ತು. ಡಾಕ್ಟರ್ ಹಾಲು ನಿಲ್ಲಿಸಿ, ಸಲೈನು, ಆ್ಯಂಟಿಬಯಾಟಿಕ್ ಶುರು ಮಾಡಿದರು. ಕರುಳಿಗೆ ವಿಶ್ರಾಂತಿ ಬೇಕಂತೆ.

ಅಜ್ಜಿ ಹೀರಾಬಾಯಿ ಮೊದಲು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, "ನಾ ಮೂರ ಉಪವಾಸಕ್ಕ ಸುಸ್ತ ಆಗತೇನಿ. ನನ್ನ ಮೊಮ್ಮಗನ್ನ ನೋಡ್ರಿ!" ಎಂದು ಓಣಿಗೆಲ್ಲ ಫೋನ್ ಮಾಡಿದರು. ದೊಡ್ಡ ಉಪವಾಸ ಮಾಡಿದವರಿಗೆ ಹಾರ ಹಾಕುವುದು, ಉಪವಾಸ ಮುಗಿಸುವ ದಿನ ಎಲ್ಲರೂ ಸೇರಿ ಪಾರಣೆ ಮಾಡಿಸುವುದು ಅವರ ಜೈನ ಓಣಿಯ ರೂಢಿ. ಅದಕ್ಕೇ ಓಣಿ ಎದ್ದು ಬಂದಿತ್ತು.

ಎಕ್ಸ್‌ರೇ ಚೆನ್ನಾಗಿದ್ದರೆ ಇವತ್ತಿನಿಂದ ಹಾಲು. ಇಲ್ಲದಿದ್ದರೆ ಆಪರೇಶನ್ ಆಗಬಹುದು ಎಂದು ಪಪ್ಪಾ ಮೆಲ್ಲಗೆ ಹೇಳಿದ್ದು ಮನಾಲಿಯ ಕಿವಿಗೆ ಬಿದ್ದಿತ್ತು.

"ಬಾವು ಯಾಕ ಬಂತಂತ?" ಒಬ್ಬರು ಕೇಳಿದರು.

"ಸೊಸಿ ಬದನಿಕಾಯಿ ತಿಂದಿರಬೇಕು."

"ಏಯ್, ಈ ಎಸಿ ಗಾಳೀಗೆ!"

"ಗುಟ್ಟಿ ಔಷಧ ತೇದು ಒಂದ ಹನಿ ನೆಕ್ಕಸ್ರಿ, ಇಳೀತೇತಿ."

"ನೆಕ್ಕಸೂದು?" ಅಜ್ಜಿ ಗುಡುಗಿದರು. "ನನ್ನ ಮೊಮ್ಮಗನ ಉಪವಾಸ ಕೆಡಸ್ತಿಯೇನ?"

ಇಂದುಬಾಯಿ ತಲೆಯಾಡಿಸಿದರು. "ಅವಸರ ಮಾಡಿ ಹುಟ್ಟ್ಯಾನ, ಅದಕ್ಕ. ಯಾರೋ ಕರದಿರಬೇಕು."

ಮನಾಲಿಯ ಕಿವಿ ಬಿಸಿಯಾಯಿತು. ದಿನಾ ಶಾಲೆಯಿಂದ ಬಂದು ಮಮ್ಮಿಯ ಹೊಟ್ಟೆಯ ಹತ್ತಿರ ಬಾಯಿಟ್ಟು, "ಲಗೂ ಬಾ! ದೀಪಾವಳಿ ಸಾಲಿ ಸೂಟಿಗೆ ಬಾ!" ಎಂದು ಕೂಗುತ್ತಿದ್ದವಳು ಅವಳೇ.

ಅಷ್ಟರಲ್ಲಿ ಬಾಗಿಲು ತೆರೆದು ಡಾಕ್ಟರ್ ಪ್ರಿಯದರ್ಶನಿ ಹೊರಗೆ ಬಂದರು. "ಯಾರ ಮದವಿರೀ ಇದು?"

ಮನಾಲಿ ಎದ್ದು ನಿಂತಳು. "ಮ್ಯಾಡಮ್, ನನ್ನಿಂದ ಹಿಂಗಾತ್ರಿ. ನಾನಽ ಅವಗ ಲಗೂ ಬಾ ಅಂದಿದ್ದೆ. ಸಾರಿ."

ಡಾಕ್ಟರ್ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಕರದ ಕೂಡ್ಲೆ ಬರಾಕ ಅಂವ ಲಿಫ್ಟ್ ಏನು? ನಮ್ಮ ಲಿಫ್ಟೂ ಹಂಗ ಬರೂದಿಲ್ಲವ್ವಾ. ಕೇಳು. ಲಗೂ ಹುಟ್ಟಿದ ಕೂಸಿನ ಕರುಳು ಭಾಳ ಎಳೇದಿರತೇತಿ. ಬ್ಯಾಕ್ಟೀರಿಯಾ ತ್ರಾಸ ಕೊಟ್ರ ತಡಕೊಳ್ಳೂದಿಲ್ಲ. ಆದ್ರ ಒಂದ ಕೂಸಿಗೆ ಬಾವು ಬರತೇತಿ, ಬಾಜೂ ಕೂಸಿಗೆ ಬರೂದಿಲ್ಲ. ಯಾಕಂತ ನಮಗೂ ಪೂರ್ತಿ ಗೊತ್ತಿಲ್ಲ. ತಪ್ಪು ನಿಂದಲ್ಲ, ಮಮ್ಮೀದೂ ಅಲ್ಲ." ಹೆಂಗಸರತ್ತ ತಿರುಗಿದರು. "ಬದನಿಕಾಯೀದೂ ಅಲ್ಲರೀ."

ಅಜ್ಜಿ ಕೈಮುಗಿದರು. "ಎಕ್ಸ್‌ರೇ?"

"ಛಲೋ ಐತ್ರಿ. ಹೊಟ್ಟಿನೂ ಇಳದೇತಿ. ಅವನ ಮಮ್ಮಿ ತಗದಿಟ್ಟ ಹಾಲು ಈಗ ಶುರು ಮಾಡತೇವಿ. ಒಂದು ಎಮ್ಮೆಲ್."

"ಒಂದ ಎಮ್ಮೆಲ್ ಅಂದ್ರ ಎಷ್ಟ್ರಿ?"

"ಇಪ್ಪತ್ತ ಹನಿ."

ಇಂದುಬಾಯಿ ಎಲ್ಲರ ಕೈಯಲ್ಲಿದ್ದ ಐದು ಕಾಯಿಗಳನ್ನು ನೋಡಿದರು. "ಅಯ್ಯ, ಪಾರಣೀಗಿಂತ ಕಾಯಿನಽ ಹೆಚ್ಚಾದೂವಲ್ಲ!"

ಕಾಯಿಗಳನ್ನು ಗೇಟಿನ ಹೊರಗೆ ಒಡೆದರು. ದೊಡ್ಡ ಚೂರು ಹಣಮಪ್ಪನ ಪಾಲಾಯಿತು.

ಮನಾಲಿ ಮಾತ್ರ ವಾರ್ಡಿನ ಕಿಟಕಿಯ ಬಳಿ ನಿಂತಿದ್ದಳು. ಒಳಗೆ ಸಿಸ್ಟರ್ ಸಣ್ಣ ನಳಿಗೆಯಲ್ಲಿ ಹಾಲು ಬಿಡುತ್ತಿದ್ದರು. ಮಮ್ಮಿ ಪೆಟ್ಟಿಗೆಯ ಪಕ್ಕದಲ್ಲಿ ಕೂತು ಹನಿ ಎಣಿಸುತ್ತಿರುವಂತೆ ನೋಡುತ್ತಿದ್ದಳು. ಮನಾಲಿ ಗಾಜಿಗೆ ಬಾಯಿ ಹತ್ತಿರ ತಂದಳು.

"ಸಾವಕಾಶ ಕುಡಿ," ಎಂದಳು. "ಏನೂ ಅವಸರಿಲ್ಲ."

ಬಾವು ಅವನಿಗೇ ಯಾಕೆ ಬಂತು ಎಂದು ನನ್ನನ್ನು ಕೇಳಬೇಡಿ. ಅದು ನನಗೂ ಗೊತ್ತಿಲ್ಲ.